ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ಅಂತರ, ಮಾರ್ಗ ಮತ್ತು ಕಾಲ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ ನಡುವಣ ದೂರವೆಷ್ಟು? ವಿಮಾನದಲ್ಲಿ ಅದನ್ನು ಕ್ರಮಿಸಲು ಎಷ್ಟು ಹೊತ್ತು ಹಿಡಿಯುತ್ತದೆ? ಎರಡೂ ಪ್ರಶ್ನೆಗಳು ಮೇಲುನೋಟಕ್ಕೆ ಸರಳವಾಗಿಯೇ ತೋರುತ್ತವೆ. ಆದರೆ ಮೊದಲನೆಯದಕ್ಕೆ ಕೋಷ್ಟಕವು 13,993 ಕಿಲೋಮೀಟರು ಎನ್ನುತ್ತದೆ. ಶಾಲೆಯ ಗೋಡೆಯ ಮೇಲಿನ ಭೂಪಟಕ್ಕೆ ಅಳತೆಗೋಲು ಹಿಡಿದವನು 20,000ದ ಸಮೀಪಕ್ಕೆ ಹೋಗುತ್ತಾನೆ. ಎರಡನೆಯ ಪ್ರಶ್ನೆಯಂತೂ ಇನ್ನೂ ತೊಡಕಿನದು. ಮಧ್ಯಾಹ್ನ 2-30ಕ್ಕೆ ಬೆಂಗಳೂರನ್ನು ಬಿಟ್ಟವನು ಅದೇ ದಿನ ಸಂಜೆ 5ಕ್ಕೆ ಕ್ಯಾಲಿಫೋರ್ನಿಯದಲ್ಲಿ ಇಳಿಯಬಹುದು. ಶನಿವಾರ ರಾತ್ರಿ ಅಲ್ಲಿಂದ ಹೊರಟವನಿಗೆ ಬೆಂಗಳೂರು ಸಿಕ್ಕುವುದು ಸೋಮವಾರದ ನಸುಕಿನಲ್ಲಿ. ಒಂದೇ ದಾರಿಗೆ ಒಮ್ಮೆ ಎರಡೂವರೆ ಗಂಟೆ, ಒಮ್ಮೆ ಮೂವತ್ತೊಂದು ಗಂಟೆ!

ಇದು ಕೇವಲ ಕುತೂಹಲದ ವಿಚಾರವಲ್ಲ. ಮಕ್ಕಳನ್ನು ಆ ತೀರದಲ್ಲಿ ನೆಲಸಲು ಬಿಟ್ಟು ಬಸವನಗುಡಿಯಲ್ಲೋ ಧಾರವಾಡದಲ್ಲೋ ಮುಂಬಯಿಯ ಮಾಟುಂಗದಲ್ಲೋ ಇರುವ ಹಿರಿಯರ ಮನೆಗಳು ಇಂದು ನೂರಾರು. ಅಂಥ ಮನೆಯಲ್ಲಿ ಸಾವು ಸಂಭವಿಸಿದ ರಾತ್ರಿ ಮೊದಲು ಏಳುವ ಮಾತು, ಮಗ ಎಷ್ಟು ಹೊತ್ತಿಗೆ ಬಂದು ಮುಟ್ಟಿಯಾನು, ಅಲ್ಲಿಯ ವರೆಗೆ ಕಾಯಬಹುದೆ ಎಂಬುದು. ಆಗ ಯಾರೋ ಗಡಿಯಾರ ನೋಡಿ ಹೇಳುವ ಒಂದು ಸಂಖ್ಯೆಯ ಮೇಲೆ ಎಲ್ಲರ ನಿರ್ಧಾರವೂ ನಿಂತಿರುತ್ತದೆ. ಆ ಸಂಖ್ಯೆ ಎಲ್ಲಿಂದ ಬರುತ್ತದೆ, ಅದೇಕೆ ಋತುವಿನಿಂದ ಋತುವಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ದೂರದ ಮಾತು. ಭೂಮಿ ಗೋಲಾಕಾರವಾಗಿದೆಯೆಂಬುದನ್ನು ಎಲ್ಲರೂ ಬಲ್ಲರು. ಆದರೆ ದೂರವನ್ನು ಊಹಿಸುವಾಗ ಬಹುಮಂದಿ ಅದನ್ನು ಮರೆಯುತ್ತಾರೆ. ಇದಕ್ಕೆ ಕಾರಣ ಭೂಪಟ. 1569ರಲ್ಲಿ ಮರ್ಕೇಟರನು ರಚಿಸಿದ ಪಟ ನಾವಿಕರಿಗಾಗಿ ಹುಟ್ಟಿದುದು. ದಿಕ್ಸೂಚಿಯ ಮುಳ್ಳಿಗೆ ಒಂದೇ ಕೋನವನ್ನು ಕಾಯ್ದುಕೊಂಡು ಸಾಗುವ ಹಡಗಿನ ಹಾದಿ ಆ ಪಟದಲ್ಲಿ ನೇರವಾದ ಗೆರೆಯಾಗಿ ಬೀಳುತ್ತದೆ. ಆ ಸೌಲಭ್ಯಕ್ಕೆ ತೆತ್ತ ಬೆಲೆಯೆಂದರೆ, ಧ್ರುವಗಳ ಕಡೆಗೆ ಹೋದಂತೆಲ್ಲ ಪ್ರದೇಶಗಳು ಹಿಗ್ಗುತ್ತ ಹೋಗುವುದು. ಗ್ರೀನಿಚ್ ನಡುವೆ ಬರುವಂತೆ ಬರೆದ ಇಂಥ ಪಟದಲ್ಲಿ ಬೆಂಗಳೂರು ಬಲಗಡೆಗೆ, ಸ್ಯಾನ್ ಫ್ರಾನ್ಸಿಸ್ಕೊ ಎಡತುದಿಗೆ ಬೀಳುತ್ತವೆ. ಎರಡನ್ನೂ ಗೆರೆಯಿಂದ ಜೋಡಿಸಿದರೆ ಅದು ಅರಬ್ಬೀ ಸಮುದ್ರವನ್ನೂ ಸಹಾರಾ ಮರಳುಗಾಡನ್ನೂ ಅಟ್ಲಾಂಟಿಕ್ ಸಾಗರವನ್ನೂ ದಾಟಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಮೇಲೆ ಹಾಯುತ್ತದೆ. ಆ ಗೆರೆಯನ್ನೇ ಹಿಡಿದು ಯಾರಾದರೂ ಹಾರಿದರೆ ಅವರು ಕ್ರಮಿಸಬೇಕಾದುದು ಸುಮಾರು 20,000 ಕಿಲೋಮೀಟರು, ಎಂದರೆ ಭೂಮಿಯ ಸುತ್ತಳತೆಯ ಅರ್ಧ. ಪೆಸಿಫಿಕ್ ಸಾಗರ ನಡುವೆ ಬರುವ ಪಟದಲ್ಲಿ ಪೂರ್ವಕ್ಕೆ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ, ಇಂಡೋಚೈನಾ, ಫಿಲಿಪ್ಪೀನ್ಸಿನ ಉತ್ತರದ ಸಮುದ್ರ ಇವುಗಳ ಮೇಲೆ ಸಾಗಿ 16,100 ಕಿಲೋಮೀಟರಿಗೆ ಇಳಿಯುತ್ತದೆ. ಇದೂ ಕನಿಷ್ಠ ದೂರವಲ್ಲ.

ನಿಜವಾದ ಕನಿಷ್ಠ ದೂರವನ್ನು ಕಾಣಲು ಒಂದು ಗೋಲವನ್ನೂ ಒಂದು ದಾರವನ್ನೂ ತೆಗೆದುಕೊಂಡರೆ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿಹಿಡಿದು ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಬಿಗಿದೆಳೆದರೆ, ಅದು ಪೂರ್ವಕ್ಕೂ ಹೋಗದೆ ಪಶ್ಚಿಮಕ್ಕೂ ಹೋಗದೆ ಉತ್ತರಕ್ಕೆ ಜಾರಿ ನಿಲ್ಲುತ್ತದೆ. ದಾರ ತಾನಾಗಿ ಕಂಡುಕೊಂಡ ಈ ರೇಖೆಯೇ ಮಹಾವೃತ್ತದ ತುಂಡು. ಭೂಕೇಂದ್ರವನ್ನು ತನ್ನ ಕೇಂದ್ರವಾಗಿ ಉಳ್ಳ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಗೋಲದ ಮೇಲಿನ ಎರಡು ಬಿಂದುಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ದಾರದ ಬದಲು ಲೆಕ್ಕವನ್ನೇ ಬಯಸುವವರಿಗೆ ಅದೂ ಕಷ್ಟವಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 13.2, ಪೂರ್ವ ರೇಖಾಂಶ 77.7 ಡಿಗ್ರಿಗಳಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊದ್ದು ಉತ್ತರ ಅಕ್ಷಾಂಶ 37.6, ಪಶ್ಚಿಮ ರೇಖಾಂಶ 122.4. ಈ ನಾಲ್ಕು ಸಂಖ್ಯೆಗಳಿಂದ ಗೋಲೀಯ ತ್ರಿಕೋನಮಿತಿಯ ಪ್ರಕಾರ ಭೂಕೇಂದ್ರದಲ್ಲಿ ಅವೆರಡರ ನಡುವಣ ಕೋನ 125.8 ಡಿಗ್ರಿಯೆಂದು ತಿಳಿಯುತ್ತದೆ. ಒಂದು ಡಿಗ್ರಿಗೆ 60 ನಾವಿಕ ಮೈಲಿ, ಒಟ್ಟು 7,548. ನಾವಿಕ ಮೈಲಿಗೆ 1.852 ಕಿಲೋಮೀಟರಾದುದರಿಂದ ಸುಮಾರು 13,980 ಕಿಲೋಮೀಟರಾಯಿತು. ಭೂಮಿ ಧ್ರುವಗಳ ಬಳಿ ತುಸು ಚಪ್ಪಟೆಯಾಗಿರುವುದನ್ನೂ ಗಣನೆಗೆ ತಂದಾಗ ಕೋಷ್ಟಕದ 13,993 ಸಿದ್ಧವಾಗುತ್ತದೆ.

ಈ ರೇಖೆ ಯಾವ ನಾಡುಗಳ ಮೇಲೆ ಹಾಯುತ್ತದೆಂಬುದು ಬೆರಗು ಹುಟ್ಟಿಸುವಂಥದು. ದೇವನಹಳ್ಳಿಯಿಂದ ಹೊರಟು ಉತ್ತರಕ್ಕೆ 20 ಡಿಗ್ರಿಯಷ್ಟು ಮಾತ್ರ ಪೂರ್ವಕ್ಕೆ ಓರೆಯಾಗಿ ಅದು ಮಧ್ಯ ಭಾರತವನ್ನು ದಾಟುತ್ತದೆ. ನೇಪಾಳದಲ್ಲಿ ಪೋಖರಾದ ಸಮೀಪ ಹಿಮಾಲಯವನ್ನು ಏರುತ್ತದೆ. ಟಿಬೆಟ್ಟಿನ ಪ್ರಸ್ಥಭೂಮಿ, ಲೋಪ್ ನೂರ್ ಮರುಭೂಮಿ, ಮಂಗೋಲಿಯದ ಪಶ್ಚಿಮ ಭಾಗ, ಬೈಕಲ್ ಸರೋವರದ ಉತ್ತರದ ಕಾಡುಗಳು, ಯಾಕೂಟಿಯ ಇವುಗಳ ಮೇಲಿಂದ ಕೊಲಿಮಾ ನದಿಯ ಮುಖದ ಆಚೆ ಪೂರ್ವ ಸೈಬೀರಿಯದ ಹೆಪ್ಪುಗಟ್ಟಿದ ಸಮುದ್ರವನ್ನು ಮುಟ್ಟುತ್ತದೆ. ಅಲ್ಲಿ 71ನೆಯ ಅಕ್ಷಾಂಶ. ರೇಖೆ ಅದಕ್ಕಿಂತ ಉತ್ತರಕ್ಕೆ ಹೋಗದು. ಬಳಿಕ ದಕ್ಷಿಣಕ್ಕೆ ಬಾಗಿ, ಅಲಾಸ್ಕವನ್ನು ಸೀಳಿ, ಪೆಸಿಫಿಕ್ ತೀರದ ಗುಂಟ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಬೆಂಗಳೂರಿನವನಿಗೆ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವ ನೇರ ದಾರಿಯಲ್ಲಿ ಯೂರೋಪೂ ಇಲ್ಲ, ಅಟ್ಲಾಂಟಿಕ್ಕೂ ಇಲ್ಲ. ಲಂಡನ್ನಿನ ಮೂಲಕವೇ ಅಮೆರಿಕ ಎಂಬ ನಮ್ಮ ರೂಢಿ ಹಡಗಿನ ಕಾಲದಿಂದ ಬಂದುದು. ಏರ್-ಇಂಡಿಯಾ 1948ರ ಜೂನ್ 8ರಂದು ಮುಂಬಯಿಯಿಂದ ಕೈರೋ, ಜಿನೀವಾ ಹಾದು ಲಂಡನ್ನಿಗೆ ಹಾರಿತು; 1960ರ ಮೇ 14ರಂದು ಆ ದಾರಿಯನ್ನೇ ನ್ಯೂಯಾರ್ಕಿಗೆ ಮುಂದುವರಿಸಿತು. ರೂಢಿ ಹೀಗೆ ಗಗನದಲ್ಲಿಯೂ ಗಟ್ಟಿಯಾಯಿತು.

ಇಲ್ಲಿಯೇ ಇನ್ನೊಂದು ಭ್ರಮೆಯನ್ನೂ ತಿದ್ದಬೇಕು. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಆ ವಿಮಾನ ಉತ್ತರ ಧ್ರುವದ ಮೇಲೆ ಹಾದುಬಂದುದನ್ನು ಪತ್ರಿಕೆಗಳು ಕೊಂಡಾಡಿದವು. ಅದು ಸಮುಚಿತವೇ. ಆದರೆ ಧ್ರುವದ ದಾರಿಯೇ ಕನಿಷ್ಠ ದೂರದ್ದೆಂದು ಅನೇಕರು ಅಂದು ತಿಳಿದರು, ಅದು ಸರಿಯಲ್ಲ. ಬೆಂಗಳೂರಿನಿಂದ ಧ್ರುವಕ್ಕೆ 76.8 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 52.4, ಎರಡೂ ಸೇರಿ 129.2. ಇದು ಮಹಾವೃತ್ತದ ದಾರಿಗಿಂತ 3.4 ಡಿಗ್ರಿಯಷ್ಟು, ಅಂದರೆ 380 ಕಿಲೋಮೀಟರಿನಷ್ಟು ಹೆಚ್ಚು. ಹದಿನಾಲ್ಕು ಸಾವಿರದಲ್ಲಿ ಮುನ್ನೂರೆಂಬತ್ತು ಅತ್ಯಲ್ಪವೆಂಬುದೇ ಇಲ್ಲಿ ಗಮನಾರ್ಹ. ದಾರಿಯನ್ನು ಇಷ್ಟು ದೂರ ಪಕ್ಕಕ್ಕೆ ಸರಿಸಿದರೂ ಉದ್ದ ಹೆಚ್ಚು ಬೆಳೆಯದಿರುವುದರಿಂದ, ಚಾಲಕರು ಅನ್ಯ ಕಾರಣಗಳಿಗಾಗಿ ಧ್ರುವವನ್ನೋ ಪೆಸಿಫಿಕ್ಕನ್ನೋ ಆರಿಸಿಕೊಳ್ಳಲು ಸ್ವತಂತ್ರರಾಗುತ್ತಾರೆ. ಜಪಾನಿನ ಟೋಕಿಯೋ ಮೇಲೆ ಬಳಸಿ ಹೋದರೂ ಒಟ್ಟು ದೂರ 14,930 ಕಿಲೋಮೀಟರನ್ನು ಮೀರದು. ಪಟದಲ್ಲಿ ನೋಡಿದರೆ ಟೋಕಿಯೋ ಎಲ್ಲಿ, ಕೊಲಿಮಾ ಎಲ್ಲಿ, ಉತ್ತರ ಧ್ರುವ ಎಲ್ಲಿ!

ಈಗ ಕಾಲಕ್ಕೆ ಬರೋಣ. ಇಂಥ ವಿಮಾನ ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರು ಹಾರುತ್ತದೆ. 14,000ವನ್ನು 900ರಿಂದ ಭಾಗಿಸಿದರೆ 15 ಗಂಟೆ 33 ನಿಮಿಷ. ಏರುವ, ಇಳಿಯುವ, ನೆಲದ ಮೇಲೆ ಓಡುವ ಹೊತ್ತನ್ನು ಕೂಡಿಸಿದರೆ 16 ಗಂಟೆಗೆ ಹತ್ತಿರ. ಗಾಳಿ ಎಂಬುದೊಂದು ಇರದಿದ್ದರೆ ವಿಷಯ ಇಲ್ಲಿಗೇ ಮುಗಿಯುತ್ತಿತ್ತು.

ಪ್ರಾಸಂಗಿಕವಾಗಿ, ಬಹಳ ಜನ ಕೇಳುವ ಒಂದು ಪ್ರಶ್ನೆಯನ್ನು ನಿವಾರಿಸಿಕೊಳ್ಳಬಹುದು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವಾಗ, ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಊರು ತಾನಾಗಿಯೇ ಎದುರು ಬರಬೇಡವೆ? ಬೆಂಗಳೂರಿನ ನೆಲ ಗಂಟೆಗೆ 1,600 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಪೂರ್ವಕ್ಕೆ ಸರಿಯುತ್ತಿದೆಯೆಂಬುದು ನಿಜ. ಆದರೆ ಅದರ ಮೇಲಿನ ಗಾಳಿಯೂ ಅದರೊಡನೆಯೇ ಸರಿಯುತ್ತದೆ. ಇಲ್ಲದಿದ್ದರೆ ಲಾಲ್‌ಬಾಗಿನ ಒಂದು ಮರವೂ ನಿಲ್ಲುವಂತಿರಲಿಲ್ಲ. ವಿಮಾನ ಹಾರುವುದು ಆ ಗಾಳಿಯಲ್ಲಿ. ಓಡುವ ರೈಲಿನಲ್ಲಿ ಕುಳಿತವನು ಮೇಲಕ್ಕೆಸೆದ ಕಿತ್ತಳೆ ಅವನ ಕೈಗೇ ಬಂದು ಬೀಳುವಂತೆ, ಭೂಮಿಯ ಆವರ್ತನ ವಿಮಾನಕ್ಕೆ ನೇರವಾಗಿ ಲಾಭವನ್ನಾಗಲಿ ನಷ್ಟವನ್ನಾಗಲಿ ತರುವುದಿಲ್ಲ.

ನೇರವಾಗಿ ಎಂದುದಕ್ಕೆ ಕಾರಣವಿದೆ. ಉಷ್ಣವಲಯದಲ್ಲಿ ಕಾದ ಗಾಳಿಗೂ ಧ್ರುವದ ಶೀತಲವಾಯುವಿಗೂ ನಡುವೆ ಒತ್ತಡದ ವ್ಯತ್ಯಾಸ ಉಂಟಾಗಿ ಗಾಳಿ ಉತ್ತರಾಭಿಮುಖವಾಗಿ ಹರಿಯತೊಡಗುತ್ತದೆ. ಭೂಮಿಯ ಆವರ್ತನ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ನೆಲದಿಂದ 9ರಿಂದ 12 ಕಿಲೋಮೀಟರು ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲಿಯೇ, ಇದು ಇಕ್ಕಟ್ಟಾದ ಹೊಳೆಯಂತೆ ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುತ್ತದೆ. ಜೆಟ್ ವಾಯುಪ್ರವಾಹವೆಂದು ಇದರ ಹೆಸರು. ಚಳಿಗಾಲದಲ್ಲಿ ಇದರ ರಭಸ ಗಂಟೆಗೆ 200, 300 ಕಿಲೋಮೀಟರನ್ನು ಮುಟ್ಟುವುದುಂಟು. ಬೇಸಗೆಯಲ್ಲಿ ಅದು ತಗ್ಗಿ ಉತ್ತರಕ್ಕೆ ಸರಿಯುತ್ತದೆ.

ಈ ಪ್ರವಾಹವನ್ನು ಮೊದಲು ಅಳೆದವರಲ್ಲಿ ಜಪಾನಿನ ವಾಸಾಬುರೊ ಓಇಶಿ ಪ್ರಮುಖರು. ತಾತೆನೊ ಎಂಬಲ್ಲಿನ ವೇಧಶಾಲೆಯಿಂದ 1920ರ ದಶಕದಲ್ಲಿ ಬೆಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಿಂದ ಅವುಗಳ ಬೆನ್ನುಹತ್ತಿ, ಮೇಲುಗಡೆಯ ಗಾಳಿಯ ಪ್ರಚಂಡ ವೇಗವನ್ನು ಅವರು ಕಂಡುಹಿಡಿದರು. ಎಲ್ಲ ದೇಶದವರೂ ಓದಲೆಂಬ ಸದಾಶಯದಿಂದ 1926ರಲ್ಲಿ ಆ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಅಚ್ಚು ಹಾಕಿಸಿದರು! ಎಲ್ಲರಿಗಾಗಿ ನಿರ್ಮಿತವಾದ ಆ ಭಾಷೆಯಲ್ಲಿ ಬಂದುದರಿಂದಲೇ ಅದು ಹೊರಗಿನ ಬಹುಮಂದಿಯ ಕಣ್ಣಿಗೆ ಬೀಳಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರು ವಿಮಾನಗಳು ಅನಿರೀಕ್ಷಿತವಾಗಿ ಈ ಗಾಳಿಗೆ ಸಿಕ್ಕು ಗುರಿತಪ್ಪಿದಾಗ ಅದರ ಅರಿವು ಅವರಿಗಾಯಿತು. ಭಾಷೆಯ ವಿಷಯದಲ್ಲಿ ಆಸಕ್ತರಾದ ವಾಚಕರು ಈ ಪ್ರಸಂಗವನ್ನು ತಮ್ಮದೇ ರೀತಿಯಲ್ಲಿ ಅರ್ಥೈಸಿಕೊಳ್ಳಬಹುದು.

ಗಾಳಿಯ ಮಹತ್ವ ಎಷ್ಟೆಂಬುದನ್ನು ದಿಲ್ಲಿಯ ಒಂದು ದೃಷ್ಟಾಂತ ಚೆನ್ನಾಗಿ ತೋರಿಸುತ್ತದೆ. ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮಹಾವೃತ್ತದ ದೂರ 12,400 ಕಿಲೋಮೀಟರಿನ ಆಸುಪಾಸು. ಏರ್ ಇಂಡಿಯಾದ ವಿಮಾನ ಮೊದಲು ಪಶ್ಚಿಮಾಭಿಮುಖವಾಗಿ, ಅಟ್ಲಾಂಟಿಕ್ ಮೇಲೆ, 13,900 ಕಿಲೋಮೀಟರಿನ ದಾರಿಯಲ್ಲಿ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದು ದಿಕ್ಕನ್ನು ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ, 15,300 ಕಿಲೋಮೀಟರು ಹಾರಿತು. ದೂರ 1,400 ಕಿಲೋಮೀಟರು ಹೆಚ್ಚಿತು. ಕಾಲ ಸುಮಾರು ಎರಡು ಗಂಟೆ ಕಡಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಭಾಗಾಕಾರ ಮಾಡಿದರೆ ಗಂಟೆಗೆ 1,055 ಕಿಲೋಮೀಟರು ಬರುತ್ತದೆ. ವಿಮಾನದ ಸ್ವಂತ ವೇಗ 900. ಉಳಿದ 150ಕ್ಕೂ ಮಿಕ್ಕ ಪಾಲು ಗಾಳಿಯ ಕೊಡುಗೆ. ಹೋಗುವಾಗ ಪೆಸಿಫಿಕ್ಕನ್ನೂ ಬರುವಾಗ ಅಟ್ಲಾಂಟಿಕ್ಕನ್ನೂ ಹಿಡಿದರೆ ಎರಡು ಸಲವೂ ಗಾಳಿ ಬೆನ್ನಿಗೇ ಇರುತ್ತದೆ. ಮಗಳ ಬಾಣಂತನಕ್ಕೆ ಹೋಗಿಬಂದ ತಾಯಿ ತನಗರಿವಿಲ್ಲದೆಯೇ ಭೂಪ್ರದಕ್ಷಿಣೆ ಮುಗಿಸಿರುತ್ತಾಳೆ.

ಹೋಗುವಾಗ ಗಳಿಸಿದುದನ್ನು ಬರುವಾಗ ಕಳೆದರೆ ಲೆಕ್ಕ ಸರಿಹೋಯಿತಲ್ಲ ಎಂದು ತೋರಬಹುದು. ಹಾಗಾಗುವುದಿಲ್ಲ. 14,000 ಕಿಲೋಮೀಟರಿನ ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೆ 14 ಗಂಟೆ. ಅದೇ ಗಾಳಿ ಇದಿರಾದರೆ ಹದಿನೇಳೂವರೆ. ಎರಡೂ ಸೇರಿ ಮೂವತ್ತೊಂದೂವರೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 31 ಗಂಟೆ 7 ನಿಮಿಷ ಸಾಕಿತ್ತು. ಇದಿರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ಯಾವಾಗಲೂ ಮೇಲಾಗುತ್ತದೆ. ಆದಕಾರಣ ಒಂದೇ ಹಾದಿಯಲ್ಲಿ ಹೋಗಿಬರುವ ವಿಮಾನ ಅಪರೂಪ. ಪ್ರತಿ ಹಾರಾಟಕ್ಕೂ ಅಂದಂದಿನ ಗಾಳಿಯ ನಕ್ಷೆಯನ್ನು ನೋಡಿ ಬೇರೆ ಬೇರೆ ಹಾದಿಯನ್ನು ಗೊತ್ತುಮಾಡುತ್ತಾರೆ.

ಮಹಾವೃತ್ತವನ್ನು ಬಿಡುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ಬೆಂಗಳೂರಿನಿಂದ ಎಳೆದ ದಾರ ಟಿಬೆಟ್ಟಿನ ಮೇಲೆ ಹಾಯುತ್ತದಷ್ಟೆ. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿಗೆ ಮಿಗಿಲು. ವಿಮಾನದೊಳಗಿನ ಗಾಳಿಯ ಒತ್ತಡ ಆಕಸ್ಮಿಕವಾಗಿ ಕುಸಿದರೆ ಪ್ರಯಾಣಿಕರ ಮುಂದೆ ಇಳಿಬೀಳುವ ಆಮ್ಲಜನಕದ ಮುಖವಾಡಗಳು ಉಪಯೋಗಕ್ಕೆ ಬರುವುದು ಸಾಮಾನ್ಯವಾಗಿ 15 ನಿಮಿಷಗಳ ಆಸುಪಾಸು. ಅಷ್ಟರೊಳಗೆ ವಿಮಾನ 3,000 ಮೀಟರು ಎತ್ತರಕ್ಕೆ, ಮುಖವಾಡವಿಲ್ಲದೆ ಉಸಿರಾಡಬಹುದಾದ ಮಟ್ಟಕ್ಕೆ, ಇಳಿಯಬೇಕು. ನೆಲವೇ ಅದಕ್ಕಿಂತ ಮೇಲಿರುವಲ್ಲಿ ಇಳಿಯುವುದೆಲ್ಲಿಗೆ? ಅದರಿಂದ ವಿಮಾನಗಳು ಟಿಬೆಟ್ಟನ್ನು ಬಳಸಿಕೊಂಡು ಹೋಗುವುದೇ ವಾಡಿಕೆ.

ಎರಡೇ ಎಂಜಿನ್ನುಗಳುಳ್ಳ ವಿಮಾನಕ್ಕೆ ಇನ್ನೊಂದು ಕಟ್ಟಳೆಯುಂಟು. ಒಂದು ಎಂಜಿನ್ ಕೆಟ್ಟರೆ ಉಳಿದೊಂದರಿಂದಲೇ ನಿಗದಿತ ಕಾಲದೊಳಗೆ ಮುಟ್ಟಬಹುದಾದ ನಿಲ್ದಾಣವೊಂದು ದಾರಿಯುದ್ದಕ್ಕೂ ಎಲ್ಲಿಯಾದರೂ ಇರಲೇಬೇಕು. ಉತ್ತರದ ಹಿಮಪ್ರದೇಶದಲ್ಲಿ ಅಂಥ ನಿಲ್ದಾಣಗಳು ವಿರಳ. ಇದ್ದರೂ ಎಂಥವು ಎಂಬುದು 2023ರ ಜೂನ್ 6ರಂದು ಅನುಭವಕ್ಕೆ ಬಂದಿತು. ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನ ಎಂಜಿನ್ನಿನ ದೋಷದಿಂದ ರಷ್ಯದ ದೂರಪೂರ್ವದ ಮಗದಾನ್ ಎಂಬಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನರಿಗೆ ಸಾಲುವ ವಸತಿಗೃಹಗಳು ಆ ಸಣ್ಣ ಊರಿನಲ್ಲಿ ಇರಲಿಲ್ಲ. ಹಲವರು ಶಾಲೆಯ ಕೊಠಡಿಗಳಲ್ಲಿಯೂ ವಿದ್ಯಾರ್ಥಿನಿಲಯದಲ್ಲಿಯೂ ಮಲಗಬೇಕಾಯಿತು. ಭಾರತದಿಂದ ಬೇರೊಂದು ವಿಮಾನ ಹೋಗಿ 8ನೆಯ ತಾರೀಕಿನಂದು ಅವರನ್ನು ಮುಂದಕ್ಕೆ ಕರೆದೊಯ್ದಿತು. ಹದಿನೈದು ಹದಿನಾರು ಗಂಟೆಗಳ ಪ್ರಯಾಣಕ್ಕೆ ಸಿದ್ಧರಾಗಿ ಬಂದವರಲ್ಲಿ ಔಷಧಿಯನ್ನು ಅಷ್ಟೇ ಹೊತ್ತಿಗೆ ಕಟ್ಟಿಕೊಂಡು ಬಂದ ವೃದ್ಧರೂ ಇದ್ದಿರಬೇಕು.

ಇಂಧನದ ಮಾತನ್ನು ಬಿಡುವಂತಿಲ್ಲ. 2021ರಲ್ಲಿ ಈ ದಾರಿಗೆ ಬಳಸಿದ ಬೋಯಿಂಗ್ 777-200 ಎಲ್‌ಆರ್ ವಿಮಾನದ ಗರಿಷ್ಠ ತೂಕ ಹೊರಡುವಾಗ ಸುಮಾರು 347 ಟನ್. ಅದರಲ್ಲಿ 145 ಟನ್ನಿನಷ್ಟು ಇಂಧನವನ್ನೇ ತುಂಬಬಹುದು. ಎಣ್ಣೆಯನ್ನು ಹೊರುವುದಕ್ಕೂ ಎಣ್ಣೆ ಬೇಕು. ಹೆಚ್ಚುವರಿಯಾಗಿ ತುಂಬಿಕೊಂಡ ಪ್ರತಿ ಟನ್ನಿನ ಗಣನೀಯ ಪಾಲು ತನ್ನನ್ನು ತಾನು ಹೊರುವುದರಲ್ಲಿಯೇ ಉರಿದುಹೋಗುತ್ತದೆ. ಇಲ್ಲಿ ಬೆಂಗಳೂರಿಗೆ ಒಂದು ವಿಶೇಷ ತೊಡಕುಂಟು. ನಗರದ ಹಿತಕರವಾದ ಹವೆಗೆ ಕಾರಣವಾದ ಎತ್ತರವೇ ವಿಮಾನಕ್ಕೆ ಪ್ರತಿಕೂಲ. ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಮೇಲಿದೆ. ಗಾಳಿ ಅಲ್ಲಿ ತೆಳು. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಮೆ. ಬಿಸಿಲೇರಿದ ಮಧ್ಯಾಹ್ನದಲ್ಲಿ ಇನ್ನೂ ಕಡಮೆ. ಸ್ಯಾನ್ ಫ್ರಾನ್ಸಿಸ್ಕೊದ ನಿಲ್ದಾಣವಾದರೋ ಕಡಲಿಗೆ ಅಂಟಿಕೊಂಡೇ ಇದೆ. ಅಲ್ಲಿಂದ ಹೊತ್ತು ತರಬಲ್ಲಷ್ಟು ಭಾರವನ್ನು ವಿಮಾನ ಇಲ್ಲಿಂದ ಎತ್ತಲಾರದು.

ಧ್ರುವದ ದಾರಿಗೆ ಅದರದೇ ಆದ ಸಂಕಟಗಳಿವೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ವಿಮಾನದ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅಲ್ಲಿ ಸೊನ್ನೆಗಿಂತ 60 ಡಿಗ್ರಿಗೂ ಕೆಳಗಿಳಿಯುವುದುಂಟು. ವೇಗದ ಹಾರಾಟದಲ್ಲಿ ಗಾಳಿ ಒತ್ತಲ್ಪಟ್ಟು ರೆಕ್ಕೆ ತುಸು ಬೆಚ್ಚಗಾಗುವುದರಿಂದ ಇಂಧನ ದ್ರವವಾಗಿಯೇ ಉಳಿಯುತ್ತದೆ. ಉಷ್ಣತೆ ಅಪಾಯದ ಮಟ್ಟಕ್ಕೆ ಬಂದರೆ ಚಾಲಕರು ಕೆಳಗಿಳಿಯಬೇಕು ಇಲ್ಲವೆ ವೇಗ ಹೆಚ್ಚಿಸಬೇಕು. ಅಯಸ್ಕಾಂತದ ಮುಳ್ಳು ಅಲ್ಲಿ ನಂಬಿಕೆಗೆ ಅರ್ಹವಲ್ಲ. 1954ರ ನವೆಂಬರಿನಲ್ಲಿ ಸ್ಕ್ಯಾಂಡಿನೇವಿಯದ ಸಂಸ್ಥೆ ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲಿಸ್‌ಗೆ ಉತ್ತರದ ಹಿಮಪ್ರದೇಶದ ಮೇಲೆ ಸಂಚಾರ ಪ್ರಾರಂಭಿಸುವ ಮೊದಲು ದಿಕ್ಕು ಕಾಣುವ ಬೇರೊಂದು ಪದ್ಧತಿಯನ್ನೇ ರೂಪಿಸಿಕೊಳ್ಳಬೇಕಾಯಿತು.

ಇನ್ನು ರಾಜ್ಯಗಳ ಗಡಿ. ಮಹಾವೃತ್ತಕ್ಕೆ ಗಡಿಗಳ ಪರಿವೆ ಇಲ್ಲ; ವಿಮಾನಕ್ಕೆ ಉಂಟು. ಪ್ರತಿ ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಅಧಿಕಾರವುಂಟೆಂಬುದು 1944ರ ಚಿಕಾಗೊ ಒಪ್ಪಂದದ ಮೊದಲ ವಿಧಿ. ಬೆಂಗಳೂರಿನ ನೇರ ರೇಖೆಯಲ್ಲಿ ಬಹುದೀರ್ಘವಾದ ಪಾಲು ರಷ್ಯದ ಮೇಲಿದೆ. ಸೋವಿಯತ್ ಒಕ್ಕೂಟದ ಕಾಲದಲ್ಲಿ ಆ ಆಕಾಶ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿತ್ತು. 1990ರ ದಶಕದ ಕೊನೆಯಲ್ಲಿ ಧ್ರುವದ ಸುತ್ತಲಿನ ದಾರಿಗಳು ತೆರೆದವು. 2022ರಲ್ಲಿ ಯುಕ್ರೇನಿನ ಯುದ್ಧ ಪ್ರಾರಂಭವಾದ ಮೇಲೆ ಅಮೆರಿಕ ಮತ್ತು ಯೂರೋಪಿನ ವಿಮಾನಗಳಿಗೆ ಅದು ಪುನಃ ಮುಚ್ಚಿತು. ಭಾರತದ ವಿಮಾನಗಳಿಗೆ ತೆರೆದೇ ಇತ್ತು. ಭಾರತದ ಪಶ್ಚಿಮ ಬಾಗಿಲೂ ಹೀಗೆಯೇ ಮುಚ್ಚಿ ತೆರೆದಿದೆ. ಪಾಕಿಸ್ತಾನದ ಆಕಾಶ 2019ರ ಫೆಬ್ರುವರಿಯಿಂದ ಜುಲೈವರೆಗೆ ನಿರ್ಬಂಧಿತವಾಗಿತ್ತು. 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ಅದನ್ನು ಮತ್ತೆ ಮುಚ್ಚಲಾಯಿತು. ದಿಲ್ಲಿಯಿಂದ ನೇರವಾಗಿ ಅಮೆರಿಕಕ್ಕೆ ಹೋಗುತ್ತಿದ್ದ ವಿಮಾನಗಳಲ್ಲಿ ಕೆಲವು ಆಗ ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದು ಹೋಗಬೇಕಾಯಿತು. ಭೂಮಿಯ ಮೇಲೆ ಒಂದಂಗುಲವೂ ದೂರ ಹೆಚ್ಚಿರಲಿಲ್ಲ.

ಕೊನೆಯದಾಗಿ ಗಡಿಯಾರ. ಈ ವಿಷಯದಲ್ಲಿ ನಮ್ಮ ಹಳೆಯ ಸಿದ್ಧಾಂತಗ್ರಂಥಗಳ ಒಂದು ಶಬ್ದವನ್ನು ಸ್ಮರಿಸಬಹುದು. ದೇಶಾಂತರ ಹೋದ ಎಂದರೆ ಇಂದಿನ ಕನ್ನಡದಲ್ಲಿ ಪರದೇಶಕ್ಕೆ ಹೋದ ಎಂದೇ ಅರ್ಥ. ಜ್ಯೋತಿಷಿಗಳಿಗೆ ದೇಶಾಂತರವೆಂಬುದು ಲೆಕ್ಕದ ಮಾತು: ಉಜ್ಜಯಿನಿಯ ಮಧ್ಯರೇಖೆಯಿಂದ ಊರೊಂದು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕಿದೆಯೋ ಅದಕ್ಕೆ ತಕ್ಕಂತೆ ಸೂರ್ಯೋದಯದ ಕಾಲಕ್ಕೆ ಮಾಡುವ ತಿದ್ದುಪಡಿ. ಒಂದು ದಿನಕ್ಕೆ 60 ಘಟಿ; ಭೂಮಿಯ 360 ಡಿಗ್ರಿಯನ್ನು ಅದರಿಂದ ಭಾಗಿಸಿದರೆ ಘಟಿಗೆ 6 ಡಿಗ್ರಿ. ಬೆಂಗಳೂರಿನಿಂದ ಪಶ್ಚಿಮಕ್ಕೆ ಎಣಿಸಿದರೆ ಸ್ಯಾನ್ ಫ್ರಾನ್ಸಿಸ್ಕೊ 200 ಡಿಗ್ರಿ ಆಚೆಗಿದೆ. ಎಂದಮೇಲೆ ಅಲ್ಲಿಗಿರುವ ದೇಶಾಂತರ 33 ಘಟಿಗೆ ಮಿಕ್ಕು 20 ವಿಘಟಿ. ಇಂದಿನ ಮಾತಿನಲ್ಲಿ 13 ಗಂಟೆ 20 ನಿಮಿಷ.

ಆದರೆ ಗಡಿಯಾರಗಳು ತೋರಿಸುವ ವ್ಯತ್ಯಾಸ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಗೆಯಲ್ಲಿ ಹನ್ನೆರಡೂವರೆ. ಉಳಿದ ನಿಮಿಷಗಳು ಸೂರ್ಯನವಲ್ಲ, ಸರ್ಕಾರಗಳವು. ಭಾರತಕ್ಕೆಲ್ಲ ಒಂದೇ ಹೊತ್ತೆಂದು 82.5 ಡಿಗ್ರಿಯ ರೇಖೆಯನ್ನು ಗೊತ್ತುಮಾಡಿದ್ದರಿಂದ ಬೆಂಗಳೂರಿನ ನಿಜವಾದ ಸೂರ್ಯಕಾಲ ಗಡಿಯಾರಕ್ಕಿಂತ 19 ನಿಮಿಷ ಹಿಂದಿದೆ. ಸ್ಯಾನ್ ಫ್ರಾನ್ಸಿಸ್ಕೊದ್ದು ಅಲ್ಲಿನ ಗಡಿಯಾರಕ್ಕಿಂತ ಒಂಬತ್ತೂವರೆ ನಿಮಿಷ ಹಿಂದೆ. 1906ರಲ್ಲಿ ಭಾರತದ ಏಕರೂಪ ಕಾಲ ಜಾರಿಗೆ ಬಂದ ಬಳಿಕವೂ ಮುಂಬಯಿ ನಗರ 39 ನಿಮಿಷ ಹಿಂದಿರುವ ತನ್ನ ಸ್ವಂತ ಕಾಲವನ್ನು ಸುಮಾರು ಅರ್ಧ ಶತಮಾನ, 1955ರ ವರೆಗೂ, ಹಟದಿಂದ ಉಳಿಸಿಕೊಂಡಿತ್ತೆಂಬುದನ್ನು ಅಲ್ಲಿನ ಹಿರಿಯ ಕನ್ನಡಿಗರಿಂದ ಕೇಳಿದವರು ಇಂದಿಗೂ ಇರಬಹುದು.

ಲೇಖನದ ಮೊದಲಿನ ಒಗಟು ಇದರಿಂದ ಬಿಡುತ್ತದೆ. ಬೆಂಗಳೂರಿನ ಮಧ್ಯಾಹ್ನ 2-30 ಎಂದರೆ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದೇ ದಿನದ ರಾತ್ರಿ 1 ಗಂಟೆ. ಹದಿನಾರು ಗಂಟೆ ಹಾರಿದರೆ ಅಲ್ಲಿ ಸಂಜೆ 5. ಇನ್ನು 2021ರ ಆ ಮೊದಲ ವಿಮಾನದ ವೇಳಾಪಟ್ಟಿಯ ಪ್ರಕಾರ ಅದು ಹೊರಡಬೇಕಾದುದು ಜನವರಿ 9ರ ಶನಿವಾರ ರಾತ್ರಿ 8-30ಕ್ಕೆ, ಬೆಂಗಳೂರು ಮುಟ್ಟಬೇಕಾದುದು 11ರ ಸೋಮವಾರ ಬೆಳಗಿನ 3-45ಕ್ಕೆ. ಗಡಿಯಾರದಿಂದ ಗಡಿಯಾರಕ್ಕೆ 31 ಗಂಟೆ 15 ನಿಮಿಷ. ಅದರಲ್ಲಿ ಹದಿಮೂರೂವರೆ ಕಳೆದರೆ ಹಾರಾಟದ ನಿಜವಾದ ಹೊತ್ತು 17 ಗಂಟೆ 45 ನಿಮಿಷ. ಕಾಯುವ ಮನೆಯವರು ಎಣಿಸಬೇಕಾದುದು ಈ ಎರಡನೆಯ ಸಂಖ್ಯೆಯನ್ನು, ಅದೂ ಮಗ ವಿಮಾನ ಹತ್ತಿದ ಕ್ಷಣದಿಂದ.

ಆ ಪ್ರಯಾಣಿಕರಿಗೆ ನಡುವಣ ಭಾನುವಾರ ಏನಾಯಿತು? ಹೊರಟಾಗ ಕ್ಯಾಲಿಫೋರ್ನಿಯದಲ್ಲಿ ರಾತ್ರಿ. ಕೆನಡದ ಉತ್ತರ ಭಾಗವನ್ನು ದಾಟುವಾಗಲೂ ಅಲ್ಲಿ ನಡುರಾತ್ರಿ. ಧ್ರುವದಲ್ಲಿ ಜನವರಿ ತಿಂಗಳೆಂದರೆ ಆರು ತಿಂಗಳ ಕತ್ತಲೆಯ ನಡುಭಾಗ. ಅದನ್ನು ದಾಟಿ ಏಷ್ಯದ ಕಡೆಗೆ ಇಳಿಯುವ ಹೊತ್ತಿಗೆ, ಅಲ್ಲಿನ ಚಳಿಗಾಲದ ಚಿಕ್ಕ ಹಗಲು ಮುಗಿದು ಸೂರ್ಯ ಮುಳುಗಿಹೋಗಿರುತ್ತಾನೆ. ಶನಿವಾರ ಸಂಜೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೂರ್ಯಾಸ್ತವನ್ನು ಕಂಡವರು ಮತ್ತೆ ಸೂರ್ಯನನ್ನು ಕಾಣುವುದು ಸೋಮವಾರ ಬೆಳಗ್ಗೆ, ದೇವನಹಳ್ಳಿಯಿಂದ ಮನೆ ಸೇರಿದ ಮೇಲೆ.